ತೆರೆಯದವರ ಪಟ್ಟಿಯಲ್ಲಿ ಕಾಕಾ

ಅವರ ಎಡಗೈ ತೋರುಬೆರಳ ತುದಿಯಲ್ಲಿ ಒಂದು ಸಣ್ಣ ತಗ್ಗಿತ್ತು. ಗಾಯದ ಗುರುತಲ್ಲ, ಹುಟ್ಟು ಗುರುತೂ ಅಲ್ಲ. ವರ್ಷಗಟ್ಟಲೆ ನೂಲಿನ ಎಳೆ ಹಾದು ಹಾದು ಅಲ್ಲಿ ತನಗೊಂದು ಜಾಗ ಮಾಡಿಕೊಂಡಿತ್ತು. ಚಹಾದ ಬಸಿ ಹಿಡಿದಾಗಲೂ, ಪತ್ರಿಕೆಯ ಹಾಳೆ ತಿರುವುವಾಗಲೂ ಆ ಬೆರಳು ಹೆಬ್ಬೆರಳಿಗೆ ತಾಗಿ ಒಂದು ಸಲ ಹೊಸೆಯುತ್ತಿತ್ತು. ಕೈ ಖಾಲಿ ಇದ್ದಾಗಲೂ ಹೊಸೆಯುತ್ತಿತ್ತು. ನನ್ನ ಅವ್ವ ಅದನ್ನು ನೋಡಿ, "ಏನ್ರಿ ಕಾಕಾ, ಗಾಳೀನೂ ಪೋಣಸ್ತೀರೇನ?" ಎಂದು ಚೇಷ್ಟೆ ಮಾಡುತ್ತಿದ್ದಳು. ಕಾಕಾ ನಗುತ್ತಿದ್ದರು. ಬೆರಳು ಮಾತ್ರ ನಿಲ್ಲುತ್ತಿರಲಿಲ್ಲ.

ಮರಾಠಿ ಸೀಮೆಯ ಇಚಲಕರಂಜಿಯ ನಮ್ಮ ಚಾಳಿನಲ್ಲಿ ಹನ್ನೆರಡು ಖೋಲಿಗಳು. ಹನ್ನೊಂದನೆಯದು ನಮ್ಮದು, ಕೊನೆಯದು ಕಾಕಾರದು. ಅವರಿಗಿಂತ ವಯಸ್ಸಿನಲ್ಲಿ ಹಿರಿಯರಾದವರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ಅವರು ವಹಿಫಣಿ ಕೆಲಸದವರು. ಬೀಮೆಂಬ ದಪ್ಪ ಉರುಳೆಗೆ ಸುತ್ತಿಕೊಂಡು ಬಂದ ಹಾಸಿನ ಎಳೆಗಳನ್ನು ಒಂದೊಂದಾಗಿ ಹಿಡಿದು, ತಂತಿಯ ಕಣ್ಣೊಳಗೆ ಪೋಣಿಸಿ, ಬಾಚಣಿಗೆಯಂಥ ಫಣಿಯ ಹಲ್ಲುಗಳ ನಡುವಿನಿಂದ ಆಚೆ ಎಳೆಯುವ ಕೆಲಸ. ಅದು ಮುಗಿಯುವವರೆಗೆ ಯಾವ ಸಾಹುಕಾರನ ಮಗ್ಗವೂ ಒಂದು ಗೇಣು ಬಟ್ಟೆ ನೇಯಲಾರದು. ಒಂದು ಬೀಮಿಗೆ ಸಾವಿರಗಟ್ಟಲೆ ಎಳೆ, ಪ್ರತಿ ಎಳೆಗೂ ಅದರದೇ ಒಂದು ಕಣ್ಣು. ಊರೆಲ್ಲ ಪವರ್‌ಲೂಮಿನ ಖಟಖಟ ಸದ್ದು ತುಂಬಿರುವಾಗ ಸದ್ದೇ ಇಲ್ಲದ ಕೆಲಸ ಅದೊಂದೇ ಇತ್ತು ಎಂದು ನನಗೆ ಈಗ ಅನಿಸುತ್ತದೆ.

ಕಾಕಾರಿಗೆ ಮದುವೆಯಾಗಿತ್ತೋ ಇಲ್ಲವೋ ಚಾಳಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೇಳಿದರೆ "ಆಗೂದ ಆಗಿ ಹೋಗೇತಿ" ಎನ್ನುತ್ತಿದ್ದರು, ಅದರಲ್ಲಿ ಹೌದೂ ಇರಲಿಲ್ಲ, ಇಲ್ಲವೂ ಇರಲಿಲ್ಲ. ನೂಲ ಎಂಬ ಊರಿನ ಆಚೆಯ ಒಂದು ಹಳ್ಳಿ ಅವರದು. ಅಲ್ಲಿಯ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದ್ದರು. ವಾರದ ಸೂಟಿಯ ದಿನ ಅಂಗಿ ಬದಲಿಸಿ ಬಸ್ ಸ್ಟ್ಯಾಂಡಿಗೆ ಹೋಗಿ ಕೂಡುತ್ತಿದ್ದರು. ಚಿಕ್ಕೋಡಿಯಿಂದ ಬರುವ ಬಸ್ಸಿನ ಕಂಡಕ್ಟರ್ ತಾನು ಓದಿ ಮುಗಿಸಿದ ಕನ್ನಡ ಪತ್ರಿಕೆಯನ್ನು ಇವರ ಕೈಗೆ ಕೊಟ್ಟು ಹೋಗುತ್ತಿದ್ದ. ಆ ಒಂದು ಪತ್ರಿಕೆ ಒಂದು ವಾರ. ಎಂಟು ಮಡಿಕೆ ಮಾಡಿ, ದಿನಕ್ಕೆ ಒಂದು, ಸೂಟಿಯ ದಿನ ಎರಡು ಮಡಿಕೆಯಂತೆ, ಶ್ರದ್ಧಾಂಜಲಿಯ ಚೌಕಟ್ಟುಗಳನ್ನೂ ಟ್ರ್ಯಾಕ್ಟರಿನ ಜಾಹೀರಾತನ್ನೂ ಬಿಡದೆ ಓದುತ್ತಿದ್ದರು.

ನಾನು ಹೋದದ್ದು ಮರಾಠಿ ಶಾಲೆಗೆ. ಮನೆಯಲ್ಲಿ ಆಡುವುದು ಕನ್ನಡ, ಬರೆಯುವುದು ಮರಾಠಿ; ಎರಡೂ ಒಂದೇ ಬಾಯಿಯಲ್ಲಿ ಹೊಂದಿಕೊಂಡಿದ್ದವು, ನನಗೇನೂ ಕೊರತೆ ಕಂಡಿರಲಿಲ್ಲ. ಕಾಕಾ ಒಂದು ಸಂಜೆ ಪತ್ರಿಕೆಯ ತಲೆಬರಹದ ಮೇಲೆ ಆ ತಗ್ಗಿನ ಬೆರಳಿಟ್ಟು, "ಅವ್ವಿ, ನೀ ಮಾತಾಡೂದ ಹಿಂಗ ಕಾಣತೈತಿ ನೋಡ" ಎಂದರು. ನಾನು ಮಾತಾಡುವುದು ಕಣ್ಣಿಗೂ ಕಾಣುತ್ತದೆ ಎಂಬುದೇ ನನಗೆ ಸೋಜಿಗ. ದೊಡ್ಡ ಅಕ್ಷರಗಳಿಂದ ಶುರುವಾಗಿ, ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಶ್ರದ್ಧಾಂಜಲಿಯ ಚೌಕಟ್ಟುಗಳವರೆಗೆ ಬಂದಿದ್ದೆ. ಇಂದು ನಾನು ಕನ್ನಡದಲ್ಲಿ ಬರೆಯುವ ಪ್ರತಿಯೊಂದು ಸಾಲೂ ಆ ಹಳೆಯ ಪತ್ರಿಕೆಗಳಿಂದ ಬಂದದ್ದು.

ಆ ದಿನಗಳ ಒಂದು ಘಟನೆಯನ್ನು ಇಲ್ಲಿ ಹೇಳಲೇಬೇಕು, ಮುಂದೆ ಅದು ಮತ್ತೆ ಬರುತ್ತದೆ. ಶಾಲೆ ಬಿಟ್ಟು ಬರುವಾಗ ನಾನು ಕಾಕಾ ಕೆಲಸ ಮಾಡುತ್ತಿದ್ದ, ನನ್ನ ಅಪ್ಪ ಮಗ್ಗ ನಡೆಸುತ್ತಿದ್ದ ಕಾರಖಾನೆಯೊಳಗೆ ಇಣುಕಿ ಬರುತ್ತಿದ್ದೆ. ಅಂದು ಕಾಕಾ ಒಂದು ಬೀಮು ಮುಗಿಸಿ ಏಳುವುದರಲ್ಲಿದ್ದರು. ಕೊನೆಯ ತುದಿಗೆ ಬಂದಾಗ ಒಂದು ಕಣ್ಣು ಖಾಲಿ ಉಳಿಯಿತು. ಎಲ್ಲೋ ಒಂದು ಕಡೆ ಎಳೆ ತಪ್ಪಿತ್ತು. ಕಾರಖಾನೆಯ ಲೆಕ್ಕ ನೋಡುವ ದಿವಾಣಜಿ ಬಂದು ನೋಡಿ, "ಚಾಲೇಲ ಕಾಕಾ, ಸೋಡಾ ಆತಾ" ಎಂದರು. ನಡೆಯುತ್ತದೆ, ಬಿಟ್ಟುಬಿಡಿ ಎಂದು. ಕಾಕಾ ಬಿಡಲಿಲ್ಲ. ಬೆರಳಿನಿಂದ ಎಳೆಗಳ ಮೇಲೆ ಸವರುತ್ತಾ ಹಿಂದಕ್ಕೆ ಹೋಗಿ, ಅರ್ಧಕ್ಕಿಂತ ಹೆಚ್ಚು ಬೀಮನ್ನು ಬಿಚ್ಚಿ ಮತ್ತೆ ಪೋಣಿಸಿದರು. ನಾನು "ಒಂದ ಎಳೀ ಅಲ್ಲೇನ್ರಿ ಕಾಕಾ?" ಎಂದೆ.

"ಈಗ ಕಾಣಾಂಗಿಲ್ಲ ಅವ್ವಿ," ಎಂದರು. "ಮಗ್ಗಾ ಚಾಲೂ ಆತಂದ್ರ ಅರಿವಿ ಥಾನಿನ ಉದ್ದಕ್ಕೂ ಗೆರಿ ಬೀಳತೈತಿ."

ನಾವು ದೊಡ್ಡವರಾದೆವು. ಎಳೆ ಗಂಟು ಹಾಕುವ ಯಂತ್ರಗಳು ಬಂದವು, ಕಾಕಾರ ಕಣ್ಣಿಗೆ ಪೊರೆ ಬಂತು. ಆಪರೇಷನ್ ಆದ ಮೇಲೆ ಓದಲು ಕಾಣುತ್ತಿತ್ತು, ಎಳೆ ಹಿಡಿಯಲು ಕಾಣುತ್ತಿರಲಿಲ್ಲ. ಗಡಹಿಂಗ್ಲಜದಲ್ಲಿದ್ದ ಅವರ ಅಕ್ಕನ ಮಗಳು ಬಂದು ಕರೆದುಕೊಂಡು ಹೋದಳು. ಒಂದು ಟ್ರಂಕು, ಒಂದು ಹಾಸಿಗೆಸುರುಳಿ, ಹಳೆಯ ಪತ್ರಿಕೆಗಳ ಒಂದು ಗಂಟು. ನನ್ನ ಅಪ್ಪ ಅವತ್ತು ಕಾಕಾರ ಟ್ರಂಕನ್ನು ತಾನೇ ಹೆಗಲ ಮೇಲೆ ಹೊತ್ತು ಬಸ್ ಸ್ಟ್ಯಾಂಡಿನವರೆಗೆ ನಡೆದ. ಆಟೋ ಮಾಡೋಣ ಎಂದರೆ ಕೇಳಲಿಲ್ಲ. ಎಲ್ಲದಕ್ಕೂ ಜಗಳಾಡುವ ಮನುಷ್ಯ ಅವತ್ತು ಹಮಾಲನಂತೆ ತಲೆ ತಗ್ಗಿಸಿ ಮುಂದೆ ಹೋದ. ನನಗೆ ಅದು ವಿಚಿತ್ರ ಎನಿಸಿತ್ತು, ಕಾರಣ ಹೊಳೆದಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ತಮ್ಮನ ಸಂಸಾರದ ಜೊತೆ ಉಳಿದಳು. ನಾನು ಕೊಲ್ಹಾಪುರಕ್ಕೆ ಬಂದು ಶಾಹುಪುರಿಯ ಒಂದು ಛಾಪಖಾನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತೆ. ದಿನವಿಡೀ ಮರಾಠಿಯಲ್ಲಿ ಪರರ ಲಗ್ನಪತ್ರಿಕೆ ಹೊಂದಿಸುವುದು, ಸಂಜೆ ಒಂದೇ ಖೋಲಿಯ ಮನೆಗೆ ಬಂದು ಬೀಗ ತೆಗೆಯುವುದು. ಬೀಗ ತೆಗೆದ ಸದ್ದಾದ ಮೇಲೆ ಇನ್ನೊಂದು ಸದ್ದು ನಾನೇ ಮಾಡಬೇಕು. ಎಷ್ಟೋ ದಿನ ನನ್ನ ಬಾಯಿಂದ ಒಂದು ಕನ್ನಡ ಮಾತೂ ಹೊರಡುತ್ತಿರಲಿಲ್ಲ. ಒಂಟಿತನ ಎಂದರೆ ದೊಡ್ಡ ಸಂಕಟವೇನಲ್ಲ, ತರಕಾರಿಯವಳು "ಒಬ್ಬರಿಗೆ ಇಷ್ಟು ಸಾಕಲ್ಲ?" ಎಂದು ತಾನೇ ಕಡಿಮೆ ತೂಗಿಕೊಡುವುದು, ಅಷ್ಟೇ.

ಆಗ ನಾನು ಇಮೇಲಿನಲ್ಲಿ ನ್ಯೂಸ್‌ಲೆಟರ್ ಶುರು ಮಾಡಿದೆ. ವಾರಕ್ಕೊಂದು ಕನ್ನಡ ಬರಹ; ವಿಳಾಸ ಕೊಟ್ಟವರ ಇಮೇಲಿಗೆ ಪ್ರತಿ ರವಿವಾರ ಮಧ್ಯಾಹ್ನ ತಾನಾಗಿ ಹೋಗಿ ಬೀಳುತ್ತದೆ. ಮರಾಠಿ ಊರುಗಳಲ್ಲಿ ಕನ್ನಡ ಆಡುವ ನಮ್ಮಂಥವರ ಊಟ, ಓಣಿ, ಜಗಳ, ಇವೇ ಅದರ ವಿಷಯ. 'ರವಿವಾರದ ಕಾಗದ' ಎಂದು ಹೆಸರಿಟ್ಟೆ. ಮೊದಲ ಕಾಗದಕ್ಕೆ ಹನ್ನೊಂದು ಜನ. ಅವರಲ್ಲಿ ಮೂವರು ಛಾಪಖಾನೆಯವರು, ಅವರಿಗೆ ಕನ್ನಡ ಬರುತ್ತಿರಲಿಲ್ಲ.

ಹನ್ನೊಂದನೆಯವರು ಕಾಕಾ. ನಾನೇ ಗಡಹಿಂಗ್ಲಜಕ್ಕೆ ಹೋಗಿ ಅವರ ಫೋನಿನಲ್ಲಿ ಇಮೇಲ್ ಹಾಕಿಕೊಟ್ಟಿದ್ದೆ. ಅವರ ಅಕ್ಕನ ಮಗಳ ಮನೆಯಲ್ಲಿ ಎಲ್ಲರೂ ಕನ್ನಡ ಆಡುವವರೇ, ಓದುವವರು ಒಬ್ಬರೂ ಇಲ್ಲ. ಎಲ್ಲರದೂ ಮರಾಠಿ ಶಾಲೆ. ಹಿತ್ತಲ ಕಡೆಯ ಖೋಲಿಯಲ್ಲಿ, ನೂಲಿನಿಂದ ಕಟ್ಟಿದ ಕನ್ನಡಕವನ್ನು ಕಿವಿಗೆ ಸಿಕ್ಕಿಸಿಕೊಂಡು ಕಾಕಾ ಎಲ್ಲವನ್ನೂ ನೋಡಿದರು.

"ಕಾಗದಾ ಮುಟ್ಟಿತು ಅಂತ ನಿನಗ ಹೆಂಗ ತಿಳೀತೈತಿ?" ಎಂದು ಕೇಳಿದರು.

"ಯಾರು ತಗದು ಓದ್ಯಾರ, ಯಾರು ಇಲ್ಲ ಅಂತ ಕಂಪ್ಯೂಟರ ಹೇಳತೈತ್ರಿ."

"ನನ್ನ ಮಾತ ಅದು ಯಾಕ ಹೇಳಬೇಕು? ನಾ ಹೇಳ್ತೇನಿ," ಎಂದರು. "ಮುಟ್ಟಿತಂದ್ರ ಒಂದ ಮಿಸ್ ಕಾಲ್ ಕೊಡ್ತೇನಿ. ನೀ ಎತ್ತಬ್ಯಾಡ. ಕಾಲ್ ಬರಲಿಲ್ಲಂದ್ರ ಮುಟ್ಟಿಲ್ಲಂತ ತಿಳಕೋ."

ಹಾಗೆಯೇ ನಡೆಯಿತು. ರವಿವಾರ ಸಂಜೆ ಐದರ ಸುಮಾರಿಗೆ ಫೋನು ಒಂದೇ ಸಲ ರಿಂಗಾಗಿ ಸುಮ್ಮನಾಗುತ್ತಿತ್ತು. ನನ್ನ ಖೋಲಿಯಲ್ಲಿ ವಾರವಿಡೀ ಆಗುವ ಸದ್ದುಗಳಲ್ಲಿ ನಾನು ಕಾಯುತ್ತಿದ್ದದ್ದು ಅದೊಂದನ್ನೇ. ಭಾಳ ಹಿಡಿಸಿದ ವಾರ ಎರಡು ಸಲ ಬರುತ್ತಿತ್ತು. ಎರಡು ರಿಂಗಿನ ವಾರಗಳು ವರ್ಷಕ್ಕೆ ನಾಲ್ಕೋ ಐದೋ. ಕಾಕಾ ಹೊಗಳಿಕೆಯ ವಿಷಯದಲ್ಲಿ ಬಲು ಬಿಗಿ.

ಮೊದಮೊದಲು ನಾನು 'ಪ್ರಿಯ ಓದುಗರೇ' ಎಂದು ಶುರು ಮಾಡುತ್ತಿದ್ದೆ. ದೀಪಾವಳಿಗೆ ಹೋದಾಗ ಕಾಕಾ ಅದನ್ನು ಹಿಡಿದರು. "ಓದುಗರು ಅಂದ್ರ ಯಾರವ್ವಾ? ನನಗ ಬರದಿ ಅಂತ ನಾ ಕುಂತಿರ್ತೇನಿ, ನೀ ಸಭಾದಾಗ ಭಾಷಣಾ ಮಾಡಿದಾಂಗ ಶುರು ಮಾಡ್ತಿ. ಒಬ್ಬಂಗ ಬರಿ. ಉಳದವರು ಹಿಂದ ನಿಂತು ಓದತಾರ." ಆ ವಾರದಿಂದ ಓದುಗರನ್ನು ಬಿಟ್ಟೆ, ಕಾಕಾರಿಗೆ ಬರೆಯತೊಡಗಿದೆ. ಅಲ್ಲಿಂದಲೇ ಪಟ್ಟಿ ಬೆಳೆಯಿತು. "ನೀವು ನನಗೇ ಬರೆದಂತಿದೆ" ಎಂದು ಗೊತ್ತೇ ಇರದ ಊರುಗಳಿಂದ ಉತ್ತರ ಬಂದವು. ಹನ್ನೊಂದು ಇದ್ದದ್ದು ಇನ್ನೂರಾಯಿತು.

ಇನ್ನೂರಾದ ಮೇಲೆ ನನಗೆ ಹಸಿವು ಹುಟ್ಟಿತು. ಐದು ಸಾವಿರವಾದರೆ ಲಗ್ನಪತ್ರಿಕೆಗಳನ್ನು ಬಿಟ್ಟು ಇದನ್ನೇ ಮಾಡಿಕೊಂಡಿರಬಹುದು ಎಂದು ಎಣಿಸಿದೆ. ಪಟ್ಟಿ ಬೆಳೆಸುವುದು ಹೇಗೆಂದು ಕಲಿಸುವ ಆನ್‌ಲೈನ್ ಕ್ಲಾಸಿಗೆ ಸೇರಿದೆ. ಕಲಿಸುವವನು ನನಗಿಂತ ಹತ್ತು ವರ್ಷ ಚಿಕ್ಕವನು, ನಿಂತಲ್ಲಿ ನಿಲ್ಲದವನು. ಏನಾದರೂ ಪುಕ್ಕಟೆ ಕೊಡಿ ಎಂದ. ನಾನು ಹನ್ನೆರಡು ಚಟ್ನಿಗಳ ಒಂದು ಪುಸ್ತಿಕೆ ಮಾಡಿ, ವಿಳಾಸ ಕೊಟ್ಟವರಿಗೆಲ್ಲ ಹಂಚಿದೆ. ಜನ ಮುಗಿಬಿದ್ದರು. ಕಾಕಾರಿಗೆ ಫೋನು ಮಾಡಿ ಸಂಭ್ರಮದಿಂದ ಹೇಳಿದರೆ, "ಚಟ್ನಿಗಿ ಬಂದವರು ಕಾಗದಾ ಓದತಾರೇನ?" ಎಂದರು. ನನಗೆ ಸಿಟ್ಟು ಬಂತು. ಮಾತು ಬದಲಿಸಿದೆ.

ತಲೆಬರಹ ನೋಡಿದರೆ ಜನ ಬೆಚ್ಚಿ ತೆರೆಯಬೇಕು ಎಂದೂ ಅವನು ಹೇಳಿಕೊಟ್ಟಿದ್ದ. ಒಂದು ವಾರ 'ಇದು ನನ್ನ ಕೊನೆಯ ಕಾಗದ' ಎಂದು ಹಾಕಿದೆ. ಒಳಗಿದ್ದದ್ದು ಬೇಸಿಗೆ ಮುಗಿಯುವ ಮೊದಲಿನ ಕೊನೆಯ ಕಾಗದ ಎಂಬ ಒಂದು ಚಿಲ್ಲರೆ ಚಮತ್ಕಾರ. ಕಳಿಸಿ ಹತ್ತು ನಿಮಿಷ ಆಗಿರಲಿಲ್ಲ, ಫೋನು ಬಂತು. ಮಿಸ್ ಕಾಲ್ ಅಲ್ಲ, ರಿಂಗಾಗುತ್ತಲೇ ಇತ್ತು. ಎತ್ತಿದರೆ ಕಾಕಾರ ಉಸಿರು.

"ಏನಾತವ್ವಿ? ಆರಾಮ ಅದಿಯಿಲ್ಲ?"

"ಆರಾಮ ಅದೇನ್ರಿ ಕಾಕಾ, ಏನಾಗಿಲ್ರಿ. ಮಂದಿ ತಗೀಲಿ ಅಂತ ಹಂಗ ಬರದೇನ್ರಿ."

"ತಗದ್ರೇನ ಮಂದಿ?"

"ಹೌದ್ರಿ, ಭಾಳ ಮಂದಿ ತಗದಾರ್ರಿ."

"ಹಂಗಾದ್ರ ಭಾಳ ಮಂದೀನ ಹೆದರಿಸಿದಿ," ಎಂದು ಇಟ್ಟುಬಿಟ್ಟರು. ಆಮೇಲೆ ಅವರ ಅಕ್ಕನ ಮಗಳು ಹೇಳಿದ್ದು, ಅವತ್ತು ಕಾಕಾ ಕೊಲ್ಹಾಪುರಕ್ಕೆ ಹೊರಡಲು ಅಂಗಿ ಹಾಕಿಕೊಂಡೇ ಫೋನು ಮಾಡಿದ್ದರಂತೆ. ನನಗೆ ನಾಚಿಕೆಯಾಯಿತು. ನಾಚಿಕೆ ಬೇಗ ಆರುವ ಪದಾರ್ಥ, ಪಟ್ಟಿ ಮಾತ್ರ ಬೆಳೆಯುತ್ತಲೇ ಇತ್ತು.

ಸಾವಿರ ದಾಟಿದ ಮೇಲೆ ರವಿವಾರ ಸಂಜೆಗಳು ಬದಲಾದವು. ಉತ್ತರಗಳು, ಮೆಸೇಜುಗಳು, ಟಿಣ್ ಟಿಣ್ ಎಂಬ ಕಾಟ. ಫೋನನ್ನು ಸೈಲೆಂಟ್ ಮಾಡಿ ಮಗುಚಿ ಇಟ್ಟು ನಾನು ಅಂಕಿಗಳನ್ನು ನೋಡುತ್ತಾ ಕೂಡುತ್ತಿದ್ದೆ. ಎಷ್ಟು ಜನ ತೆರೆದರು, ಎಷ್ಟು ಜನ ಬಿಟ್ಟುಹೋದರು. ಸಾವಿರ ಜನರ ಜೊತೆ ಮಾತಾಡಿ ಮುಗಿಸಿದ ಮೇಲೂ ಖೋಲಿಯಲ್ಲಿ ನಾನೊಬ್ಬಳೇ ಇರುತ್ತಿದ್ದೆ. ಕಾಕಾರ ರಿಂಗು ಬಂದಿದೆಯೇ ಎಂದು ಮರುದಿನವೋ ಅದರ ಮರುದಿನವೋ ನೋಡುತ್ತಿದ್ದೆ, ಆಮೇಲೆ ಅದನ್ನೂ ಬಿಟ್ಟೆ.

ಆಗ ಕಲಿಸುವ ಆ ಹುಡುಗ ಕ್ಲಾಸಿನಲ್ಲಿ ಪಟ್ಟಿ ಸ್ವಚ್ಛ ಮಾಡುವ ಪಾಠ ಮಾಡಿದ. ಮೂರು ತಿಂಗಳಿಂದ ಕಾಗದ ತೆರೆಯದವರನ್ನು ಇಟ್ಟುಕೊಂಡರೆ ಎಲ್ಲರಿಗೂ ಹೋಗುವ ಕಾಗದಗಳು ಸ್ಪ್ಯಾಮಿಗೆ ಬೀಳುತ್ತವೆ, ಆದ್ದರಿಂದ ಸತ್ತ ವಿಳಾಸಗಳನ್ನು ಮುಲಾಜಿಲ್ಲದೆ ಕಿತ್ತುಹಾಕಿ ಎಂದ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ನಾನು ಊಟದ ಬಿಡುವಿನಲ್ಲಿ, ಒಂದು ಕೈಯಲ್ಲಿ ಚಪಾತಿ ಸುರುಳಿ ಹಿಡಿದು, 'ತೆರೆಯದವರು' ಎಂಬ ಪಟ್ಟಿ ತೆಗೆದೆ. ನೂರಾರು ಹೆಸರು. ಒಂದೊಂದಾಗಿ ನೋಡಲಿಲ್ಲ. ಮೇಲ್ಗಡೆಯ ಒಂದು ಚೌಕವನ್ನು ಒತ್ತಿದರೆ ಎಲ್ಲಕ್ಕೂ ಒಟ್ಟಿಗೆ ಗುರುತು ಬೀಳುತ್ತದೆ. ಒತ್ತಿದೆ, ಅಳಿಸಿದೆ. ಚಪಾತಿ ಇನ್ನೂ ಬೆಚ್ಚಗಿತ್ತು.

ನಾಲ್ಕು ತಿಂಗಳ ನಂತರ ಒಂದು ವಾರ ಬರೆಯಲು ಏನೂ ಹೊಳೆಯಲಿಲ್ಲ. ಆಗ ನಾನು ಕಾಕಾರ ಬಗ್ಗೆ ಬರೆದೆ. ಬೆರಳಿನ ತಗ್ಗು, ಎಂಟು ಮಡಿಕೆಯ ಪತ್ರಿಕೆ, ಒಂದು ಎಳೆಗಾಗಿ ಅರ್ಧ ಬೀಮು ಬಿಚ್ಚಿದ ದಿನ. ಕೆಲಸದ ಮೇಲಿನ ನಿಷ್ಠೆ, ಕುಶಲಕರ್ಮಿಯ ಸ್ವಾಭಿಮಾನ ಎಂದೆಲ್ಲ ಕೊನೆಯಲ್ಲಿ ನಾಲ್ಕು ದೊಡ್ಡ ಮಾತು ಸೇರಿಸಿದೆ. ಹಿಂದೆಂದೂ ಇಲ್ಲದಂತೆ ಜನ ಓದಿದರು, ತಮ್ಮವರಿಗೆಲ್ಲ ಕಳಿಸಿದರು. ಅತ್ತಿದ್ದೇವೆ ಎಂದು ಬರೆದರು. ನಾನು ಮಾತ್ರ ಬಹಳ ದಿನಗಳ ಮೇಲೆ ಫೋನಿನ ಸದ್ದು ಜೋರು ಮಾಡಿ, ಮುಖ ಮೇಲೆ ಮಾಡಿ, ಎದುರಿಗೆ ಇಟ್ಟುಕೊಂಡು ಕೂತೆ. ಎರಡು ರಿಂಗು ಗ್ಯಾರಂಟಿ ಎಂದುಕೊಂಡಿದ್ದೆ.

ಐದಾಯಿತು. ಐದೂವರೆ, ಆರು. ಒಂದೂ ಬರಲಿಲ್ಲ.

ಮೊದಲು ಮುನಿಸು ಬಂತು. ಕೇಳದೆ ಬರೆದದ್ದಕ್ಕೆ ಕಾಕಾ ಸಿಟ್ಟಾಗಿದ್ದಾರೆ ಎಂದುಕೊಂಡೆ. ಆಮೇಲೆ, ಅವರು ತೆರೆದಿದ್ದಾರೋ ಇಲ್ಲವೋ ನೋಡೋಣ ಎಂದು ಪಟ್ಟಿಯಲ್ಲಿ ಅವರ ಹೆಸರು ಹುಡುಕಿದೆ. ಇರಲಿಲ್ಲ. ಇನ್ನೊಮ್ಮೆ ಹುಡುಕಿದೆ. ಅಳಿಸಿದವರ ಪಟ್ಟಿಯಲ್ಲಿ ಸಿಕ್ಕರು. ಅಲ್ಲಿ ಅವರ ಹೆಸರಿನ ಮುಂದೆ ಬರೆದಿತ್ತು: ಒಂದೂ ತೆರೆದಿಲ್ಲ.

ಮರುದಿನ ರಜೆ ಹಾಕಿ ಬಸ್ಸು ಹತ್ತಿದೆ. ಕಾಗಲ, ನಿಪ್ಪಾಣಿ, ಸಂಕೇಶ್ವರ ದಾಟುವವರೆಗೂ ಒಂದೇ ಲೆಕ್ಕ ಹಾಕುತ್ತಿದ್ದೆ. ಒಂದೂ ತೆರೆಯದಿದ್ದರೆ ಆ ರಿಂಗುಗಳು ಏನು? ಓದದೆಯೇ ನನ್ನ ಮನಸ್ಸು ನೋಯದಿರಲಿ ಎಂದು ಕೊಡುತ್ತಿದ್ದರೇ?

ಕಾಕಾ ಹಿತ್ತಲ ಖೋಲಿಯ ಹೊಸ್ತಿಲಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಬಹಳ ಸೊರಗಿದ್ದರು. ಫೋನು ಮಡಿಲಲ್ಲಿತ್ತು. "ಬಾ ಅವ್ವಿ" ಎಂದರು, ನಿನ್ನೆ ಬಂದು ಹೋದವಳಿಗೆ ಹೇಳುವ ಹಾಗೆ.

ಅವರ ಅಕ್ಕನ ಮಗಳು ಚಹಾ ತಂದಳು. ಫೋನಿನಲ್ಲಿ ಕಾಗದ ಕಾಣುತ್ತಿತ್ತೇ ಎಂದು ನಾನು ಅವಳನ್ನು ಕೇಳಿದೆ. "ಕಾಣತಿತ್ರಿ. ನೆಟ್ ಲಗೂನ ಮುಗೀತೈತಿ ಅಂತ ಫೋಟೋ ಬರೂದಷ್ಟ ಬಂದ್ ಮಾಡಿಟ್ಟೇನ್ರಿ ನಾ. ಮಾಮಾ ಎಲ್ಲಾ ಓದತಿದ್ರು," ಎಂದಳು. ನನಗೆ ಆಗ ತಿಳಿಯಿತು. ಕಾಗದದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರವೊಂದನ್ನು ಅಡಗಿಸಿಟ್ಟಿರುತ್ತಾರೆ. ಆ ಚಿತ್ರ ಫೋನಿಗೆ ಇಳಿದರೆ ತೆರೆದರು ಎಂದು ಲೆಕ್ಕ. ಚಿತ್ರವೇ ಇಳಿಯದ ಫೋನಿನಲ್ಲಿ ಒಬ್ಬ ಮನುಷ್ಯ ಎರಡು ವರ್ಷ ಅಕ್ಷರ ಬಿಡದೆ ಓದಿದರೂ ಕಂಪ್ಯೂಟರಿನ ಪಾಲಿಗೆ ಅವನು ಸತ್ತವನು. ಪ್ರತಿವಾರ ರಿಂಗು ಕೊಟ್ಟು ಬದುಕಿದ್ದೇನೆ ಎನ್ನುತ್ತಿದ್ದವರನ್ನು ಅಳಿಸಿದ್ದು ನಾನು.

"ಕಾಕಾ, ಕಾಗದಾ ಬರೂದು ಬಂದಾತಲ್ರಿ, ನನಗ ಯಾಕ ಹೇಳಲಿಲ್ರಿ?" ಎಂದೆ.

ಅವರು ನನ್ನನ್ನು ನೋಡಿದರು. ಬೆರಳು ಹೊಸೆಯುತ್ತಿತ್ತು. "ಹೇಳೇನಲ್ಲ," ಎಂದರು. "ಕಾಲ್ ಬರಲಿಲ್ಲಂದ್ರ ಮುಟ್ಟಿಲ್ಲಂತ ನಾವು ಮಾತಾಡಿಕೊಂಡಿಲ್ಲೇನ? ಹದಿನೇಳ ರವಿವಾರ ಹೇಳೇನಿ."

"ಫೋನ ಮಾಡಿ ಕೇಳಬೇಕಿಲ್ರಿ?" ಎಂದು ಏನೋ ಗೊಣಗಿದೆ.

"ಕೇಳಾಕ ಹೆದರಿಕಿ ಆತು," ಎಂದರು. "ನೀನ ಬ್ಯಾಡ ಅಂತ ಬಿಟ್ಟಿದ್ರ? ಅದನ್ನ ನಿನ್ನ ಬಾಯಾಗ ಕೇಳೂದಕಿಂತಾ ಹಳೇವ ಓದಿಕೋತ ಕುಂತ್ರ ಛಲೋ ಅಂತ... ಮೊದಲಿಂದ ಶುರು ಮಾಡೇನಿ. ವಾರಕ್ಕ ಒಂದ. ಈಗ ಹದಿನೇಳಕ್ಕ ಬಂದೇನಿ."

ನಾನು ಅತ್ತೆ. ಅವರು ಅಳಬೇಡ ಎನ್ನಲಿಲ್ಲ, ಚಹಾ ಆರುತ್ತದೆ ಎಂದರು. ಆಮೇಲೆ "ಈ ವಾರದ್ದ ಓದ" ಎಂದರು.

ಅವರ ಬಗ್ಗೆಯೇ ಬರೆದ ಕಾಗದವನ್ನು ಅವರ ಎದುರಿಗೆ ಕೂತು ಗಟ್ಟಿಯಾಗಿ ಓದುವುದು ಎಷ್ಟು ಕಷ್ಟ ಎಂದು ಓದತೊಡಗಿದ ಮೇಲೆ ತಿಳಿಯಿತು. ದೊಡ್ಡ ಮಾತುಗಳು ಬಂದಲ್ಲಿ ನನ್ನ ನಾಲಿಗೆ ತಾನೇ ತೊದಲಿತು. ಬೀಮು ಬಿಚ್ಚಿದ ಭಾಗ ಬಂದಾಗ ಕಾಕಾ ಕೈ ಎತ್ತಿದರು.

"ಇಲ್ಲೆ ತಪ್ಪೈತಿ."

"ಏನ್ರಿ?"

"ಸ್ವಾಭಿಮಾನಾ ಅಂತ ಬರದಿ. ಅದಕ್ಕ ಬಿಚ್ಚಲಿಲ್ಲ ನಾ. ದಿವಾಣಜಿ ಚಾಲೇಲ ಅಂದಮ್ಯಾಲೆ ನನಗೇನಾಗಬೇಕಿತ್ತು? ಹಂತಾ ತಪ್ಪ ಎಷ್ಟೋ ಬಿಟ್ಟೇನಿ." ಚಹಾದ ಬಸಿ ಕೆಳಗಿಟ್ಟರು. "ಆ ಬೀಮು ನಿಮ್ಮಪ್ಪನ ಮಗ್ಗಕ್ಕ ಹೋಗೂದಿತ್ತು. ಅವಂದು ಎರಡ ಥಾನ ಆಗಲೇ ಖರಾಬ ಬಿದ್ದಿದ್ವು. ಇನ್ನೊಂದ ಬಿದ್ರ ಮಗ್ಗಾ ಬಿಡಿಸಿ ಊರಿಗೆ ಕಳಸ್ತೇನಿ ಅಂತ ಸಾಹುಕಾರ ಅಂದಿದ್ದ. ಗೆರಿ ಬಿದ್ರ ವಹಿಫಣಿಯವನ್ನ ಯಾರೂ ಕೇಳಾಂಗಿಲ್ಲ, ಮಗ್ಗದ ಮ್ಯಾಲೆ ನಿಂತಾವನ್ನ ಕೇಳತಾರ. ನೀ ಬಾಗಲದಾಗ ಸಾಲಿ ದಪ್ತರಾ ಹಾಕ್ಕೊಂಡ ನಿಂತಿದ್ದಿ. ಹೆಂಗ ಬಿಡ್ಲಿ?"

ಅಪ್ಪ ಆ ಟ್ರಂಕನ್ನು ಹೆಗಲ ಮೇಲೆ ಹೊತ್ತು ನಡೆದದ್ದು ಯಾಕೆಂದು ನನಗೆ ಆ ಹೊಸ್ತಿಲಲ್ಲಿ ತಿಳಿಯಿತು. ಸಾವಿರಾರು ಎಳೆಗಳನ್ನು ಅವರು ಅಂದು ಒಬ್ಬನಿಗಾಗಿ ಪೋಣಿಸಿದ್ದರು. ಒಬ್ಬಂಗ ಬರಿ ಎಂದು ನನಗೆ ಹೇಳಿದ್ದು ಬರವಣಿಗೆಯ ಉಪಾಯವಾಗಿರಲಿಲ್ಲ. ಅವರಿಗೆ ಕೆಲಸ ಮಾಡಲು ಬರುತ್ತಿದ್ದದ್ದೇ ಹಾಗೆ.

"ಮುಂದಿನ ವಾರ ತಿದ್ದಿ ಬರೀತೇನ್ರಿ ಕಾಕಾ," ಎಂದೆ.

"ಬ್ಯಾಡ. ಬರೀತಿ ಅಂದ್ರ ನಾ ಹ್ವಾದಮ್ಯಾಲೆ ಬರಿ. ಇರೂತನಕಾ ಮಂದಿ ಮುಂದ ನಾಚಿಕಿ ಬರ್ತೈತಿ."

ಬಸ್ಸಿನಲ್ಲೇ ಅವರ ಹೆಸರನ್ನು ಕೈಯಾರೆ ಪಟ್ಟಿಗೆ ಸೇರಿಸಿದೆ. ತಪ್ಪಿಹೋದ ಹದಿನೇಳು ಕಾಗದಗಳನ್ನು ಒಂದೊಂದಾಗಿ ಕಳಿಸಿದೆ. ರವಿವಾರ ಸಂಜೆ ಫೋನನ್ನು ಮಗುಚಿ ಇಡುವುದನ್ನು ಬಿಟ್ಟೆ. ರಿಂಗು ಮತ್ತೆ ಬರತೊಡಗಿತು, ಐದರ ಸುಮಾರಿಗೆ, ಒಂದೇ ಸಲ. ನನ್ನ ಪಟ್ಟಿ ಐದು ಸಾವಿರ ಮುಟ್ಟಲಿಲ್ಲ, ಈಗಲೂ ಲಗ್ನಪತ್ರಿಕೆಗಳನ್ನೇ ಹೊಂದಿಸುತ್ತಿದ್ದೇನೆ. ಆ ದಿನಗಳಲ್ಲಿ ಅದರ ಬಗ್ಗೆ ನನಗೆ ಬೇಸರವಿರಲಿಲ್ಲ.

ಒಂದು ವರ್ಷ ತುಂಬುವುದರೊಳಗೆ, ಒಂದು ರವಿವಾರ ರಿಂಗು ಬರಲಿಲ್ಲ. ಕಂಪ್ಯೂಟರು ತಲುಪಿದೆ ಎಂದಿತು. ಈ ಸಲ ನಾನು ಕಂಪ್ಯೂಟರನ್ನು ನಂಬಲಿಲ್ಲ, ಐದೂಕಾಲಿಗೇ ಫೋನು ಮಾಡಿದೆ. ಅವರ ಅಕ್ಕನ ಮಗಳು ಎತ್ತಿದಳು.

"ನಿನ್ನೆ ಮಧ್ಯಾಹ್ನ ಉಂಡ ಅಡ್ಡಾದವರು ಏಳಲಿಲ್ರಿ. ಮಣ್ಣ ಮುಗೀತ್ರಿ ಮುಂಜಾನೆ," ಎಂದಳು. "ನಿಮಗ ತಿಳಸಬೇಕಂತ ಫೋನದಾಗ ಭಾಳ ಹುಡಕೇನ್ರಿ. ನಿಮ್ಮ ಹೆಸರ ಎಲ್ಲೂ ಸಿಗಲಿಲ್ಲ. ಈಗ ನಿಮ್ಮ ಕಾಲ್ ಬಂತಲ್ರಿ, ಮರಾಠಿ ಅಕ್ಷರದಾಗ 'ಕಾಗದಾ' ಅಂತ ಹೆಸರ ಬಂತ ನೋಡ್ರಿ."

ಅವರು ಹೋದ ಮೇಲೆ ಬರೆ ಎಂದಿದ್ದರು, ಬರೆದಿದ್ದೇನೆ. ಬೀಮಿನ ತಪ್ಪನ್ನು ತಿದ್ದಿದ್ದೇನೆ.

ಮೂರು ತಿಂಗಳಿಗೊಮ್ಮೆ ಕಂಪ್ಯೂಟರು 'ತೆರೆಯದವರು' ಎಂಬ ಪಟ್ಟಿ ತಂದಿಟ್ಟು, ಅಳಿಸಲೇ ಎಂದು ಕೇಳುತ್ತದೆ. ನಾನು ಮೇಲಿನ ಚೌಕವನ್ನು ಒತ್ತುವುದಿಲ್ಲ. ಒಂದೊಂದೇ ಹೆಸರು ಓದುತ್ತಾ ಹೋಗಿ, ಅವರವರಿಗೆ ಒಂದು ಸಾಲು ಬರೆದು ಕೇಳಿ, ಉತ್ತರ ಬಾರದಿದ್ದರೆ ಮಾತ್ರ ತೆಗೆಯುತ್ತೇನೆ. ಒಂದು ಹೆಸರನ್ನು ಕೇಳುವುದೂ ಇಲ್ಲ, ತೆಗೆಯುವುದೂ ಇಲ್ಲ. ಪ್ರತಿ ರವಿವಾರ ಆ ವಿಳಾಸಕ್ಕೂ ಕಾಗದ ಹೋಗುತ್ತದೆ. ಸಂಜೆ ಐದಕ್ಕೆ ಫೋನನ್ನು ಮುಖ ಮೇಲೆ ಮಾಡಿ ಇಟ್ಟುಕೊಂಡು ಕೂಡುತ್ತೇನೆ. ರಿಂಗು ಬರುವುದಿಲ್ಲ. ಮುಟ್ಟಿಲ್ಲ ಎಂದು ಕಾಕಾ ಹೇಳುತ್ತಾರೆ, ನಾನು ಕೇಳಿಸಿಕೊಳ್ಳುತ್ತೇನೆ.